35 ಸಾವಿರ ಅಡಿ ಮೇಲೆ ನಮ್ಮನೆ ಸಿನಿಮಾ

ಈಗ ಯಾವ ಮದುವೆಗೆ ಹೋದರೂ ಧಾರೆಯ ಹೊತ್ತಿಗೆ ಮಂಟಪ ಕಾಣುವುದಿಲ್ಲ, ಎತ್ತಿ ಹಿಡಿದ ಫೋನುಗಳು ಕಾಣುತ್ತವೆ. ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಊರ ತೇರು, ಯಾವುದನ್ನೂ ನಾವು ರೆಕಾರ್ಡ್ ಮಾಡದೆ ಬಿಡುವುದಿಲ್ಲ. ಆಮೇಲೆ ಅವನ್ನು ನೋಡುವವರು ಯಾರು? ಸ್ಟುಡಿಯೊದವರು ಕೊಟ್ಟ ಮೂರು ಗಂಟೆಯ ಮದುವೆ ವಿಡಿಯೊವನ್ನು ಮದುವೆಯಾದವರೇ ಪೂರ್ತಿ ನೋಡಿರುವುದಿಲ್ಲ. ಮನೆಯಲ್ಲಿ ಪುರುಸೊತ್ತಿಲ್ಲ. ಪುರುಸೊತ್ತು ಸಿಕ್ಕ ದಿನ ಟಿವಿಯಲ್ಲಿ ಕ್ರಿಕೆಟ್ ಇರುತ್ತದೆ. ಈ ಅನಾಥ ವಿಡಿಯೊಗಳಿಗೆ ಕೊನೆಗೂ ಒಬ್ಬ ಪ್ರೇಕ್ಷಕ ಸಿಗುವ ಜಾಗ ಒಂದಿದ್ದರೆ ಅದು ದೂರದೂರಿಗೆ ಹೋಗುವ ವಿಮಾನ ಅಂತ ನನ್ನ ಅಂದಾಜು.

ದೂರ ಅಂದರೆ ಎಷ್ಟು? 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಹಾರಿದ್ದು ಉತ್ತರ ಧ್ರುವದ ಮೇಲಿಂದ. ಆ ಸಡಗರದಲ್ಲಿ ಕುಳಿತು ಬಂದವರ ಪಾಡನ್ನು ಯಾರೂ ಕೇಳಲಿಲ್ಲ. ಸುಮಾರು 14,000 ಕಿಲೋಮೀಟರ್, ಹತ್ತಿರ ಹತ್ತಿರ 17 ಗಂಟೆ, ಒಂದೇ ಕುರ್ಚಿ. ಸಿಂಗಪುರದಿಂದ ನ್ಯೂಯಾರ್ಕಿಗೆ ಹೋಗುವವರದು 18 ಗಂಟೆಗೂ ಮೀರಿದ ಕೂರಾಟ. ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು ಹತ್ತಿ ಹೋಗುವವರಿಗೂ ಒಟ್ಟು ಲೆಕ್ಕ ಕಡಿಮೆಯೇನಲ್ಲ. ನಮ್ಮವರಲ್ಲಿ ಹೀಗೆ ಹೋಗುವವರು ಸಾಫ್ಟ್‌ವೇರ್ ಹುಡುಗರು ಮಾತ್ರ ಅಲ್ಲ. ಮಗಳ ಬಾಣಂತನಕ್ಕೆಂದು ಮೆಂತ್ಯದ ಹಿಟ್ಟು, ಚಟ್ನಿಪುಡಿ ಕಟ್ಟಿಕೊಂಡು ಹೊರಡುವ ತಾಯಂದಿರು, ಜೊತೆಗೆ ಮಂಡಿನೋವಿನ ಗುಳಿಗೆ ಇಟ್ಟುಕೊಂಡ ತಂದೆಯರು ಬೇಕಾದಷ್ಟು ಜನ ಇದ್ದಾರೆ.

ಎದುರು ಸೀಟಿನ ಬೆನ್ನಿಗಿರುವ ಪರದೆಯಲ್ಲಿ ನೂರಾರು ಸಿನಿಮಾ ಇರುತ್ತವಲ್ಲ, ಸಾಲದೇ? ಸಾಲುವುದಿಲ್ಲ. ಹಿಂದಿ ಸಿಗುತ್ತದೆ, ತಮಿಳು ತೆಲುಗು ಸಿಗಬಹುದು, ಕನ್ನಡ ಸಿಕ್ಕರೆ ಪುಣ್ಯ. ಸಿಕ್ಕರೂ ಆ ಪರದೆಯ ಮೆನುವಿನಲ್ಲಿ ನಾಲ್ಕು ಸಲ ಒತ್ತಿ ಅಲ್ಲಿಗೆ ತಲುಪುವುದು ಎಪ್ಪತ್ತರ ಹಿರಿಯರಿಗೆ ಸುಲಭವಲ್ಲ. ದೀಪ ಆರಿಸಿದ ಮೇಲೆ ಕಾಲಾಡಿಸಲು ಎದ್ದು ಸೀಟುಗಳ ನಡುವೆ ಒಂದು ಸುತ್ತು ಹೋಗಿ ನೋಡಿ. ಎಷ್ಟೋ ಪರದೆಗಳಲ್ಲಿ ಓಡುತ್ತಿರುವುದು ಸಿನಿಮಾ ಅಲ್ಲ, ಭೂಪಟದ ಮೇಲೆ ತೆವಳುವ ಪುಟ್ಟ ವಿಮಾನದ ಚಿತ್ರ. ಅದರ ಕೆಳಗೆ, ತಟ್ಟೆ ಇಡುವ ಹಲಗೆಗೆ ಒರಗಿಸಿದ ಫೋನಿನಲ್ಲಿ, ಯಾರದೋ ಮೊಮ್ಮಗು ಅಂಬೆಗಾಲಿಡುತ್ತಿರುತ್ತದೆ.

ವಿಮಾನದಲ್ಲಿ ಚಿತ್ರ ತೋರಿಸುವ ಹುಚ್ಚು ಹಳೆಯದು. 1921ರಲ್ಲಿ ಶಿಕಾಗೊ ಮೇಲೆ ಹಾರುತ್ತಿದ್ದ ಏರೋಮರೀನ್ ಕಂಪನಿಯ ವಿಮಾನದಲ್ಲಿ ಆ ನಗರದ ಬಗೆಗಿನ ಕಿರುಚಿತ್ರವೊಂದನ್ನು ತೋರಿಸಿದ್ದರು. ಅದು ಒಂದು ದಿನದ ಚಮತ್ಕಾರ. ದಿನನಿತ್ಯದ ಸೇವೆಯಾದದ್ದು 1961ರ ಜುಲೈಯಲ್ಲಿ. ಮೆಂಫಿಸ್‌ನ ಚಿತ್ರಮಂದಿರಗಳ ಮಾಲೀಕ ಡೇವಿಡ್ ಫ್ಲೆಕ್ಸರ್ ವಿಮಾನಕ್ಕೆ ಒಗ್ಗುವ 16 ಎಂ.ಎಂ. ಪ್ರೊಜೆಕ್ಟರ್ ಒಂದನ್ನು ಮಾಡಿಸಿ, ಟಿಡಬ್ಲ್ಯುಎ ಕಂಪನಿಯ ಮೊದಲ ದರ್ಜೆಯ ಪ್ರಯಾಣಿಕರಿಗೆ ಸಿನಿಮಾ ಹಾಕಿಸಿದರು. ಆಗ ಇದ್ದದ್ದು ಒಂದು ಪರದೆ, ಎಲ್ಲರಿಗೂ ಒಂದೇ ಸಿನಿಮಾ. ನಿಮಗೆ ನಿದ್ದೆ ಬಂದಿದೆಯೋ ಇಲ್ಲವೋ ಅದು ಓಡುತ್ತಿತ್ತು. ಸೀಟಿಗೊಂದು ಪರದೆ ಬರಲು 1988ರವರೆಗೆ ಕಾಯಬೇಕಾಯಿತು. ನಾರ್ತ್‌ವೆಸ್ಟ್ ಕಂಪನಿ ಜಂಬೋ ವಿಮಾನದಲ್ಲಿ ಕೂರಿಸಿದ ಆ ಪರದೆಯ ಅಳತೆ 2.7 ಇಂಚು.

ಅಲ್ಲಿವರೆಗೂ ನಡೆದದ್ದು ಅವರು ಕೊಟ್ಟದ್ದನ್ನು ನಾವು ನೋಡುವ ವ್ಯವಸ್ಥೆ. ನಮ್ಮದನ್ನು ನಾವೇ ಒಯ್ಯುವ ಕಾಲ ಶುರುವಾದದ್ದು ಈ ಶತಮಾನದಲ್ಲಿ. 2005ರ ಆರಂಭದಲ್ಲಿ ಅಮೆರಿಕದ ಟಿವೊ ಕಂಪನಿ, ಮನೆಯ ಟಿವಿಗೆ ಜೋಡಿಸಿದ ಪೆಟ್ಟಿಗೆಯಲ್ಲಿ ರೆಕಾರ್ಡ್ ಆದ ಕಾರ್ಯಕ್ರಮವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಡಿಯೊ ತೋರಿಸುವ ಐಪಾಡ್ ಬಂತು. ಪರದೆ 2.5 ಇಂಚು, 30 ಗಿಗಾಬೈಟ್‌ನ ಮಾದರಿಯಲ್ಲಿ ವಿಡಿಯೊ ಓಡಿಸಿದರೆ ಬ್ಯಾಟರಿ ಎರಡು ಗಂಟೆ. ಅಟ್ಲಾಂಟಿಕ್‌ನ ಅರ್ಧ ದಾಟುವ ಮೊದಲೇ ಅದರ ಕತೆ ಮುಗಿಯುತ್ತಿತ್ತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಕಣ್ಣಿಗೂ ಬ್ಯಾಟರಿಗೂ ಉಸಿರಾಡುವಂತಾಯಿತು. ಆದರೂ ವಿಮಾನ ಏರುವಾಗ, ಇಳಿಯುವಾಗ ಎಲ್ಲ ಆಫ್ ಮಾಡಿ ಎನ್ನುವ ಕಟ್ಟಳೆ ಉಳಿದೇ ಇತ್ತು. ಅಮೆರಿಕ ಅದನ್ನು ಸಡಿಲಿಸಿದ್ದು 2013ರ ಅಕ್ಟೋಬರ್ ಕೊನೆಗೆ. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ, ಫ್ಲೈಟ್ ಮೋಡ್‌ನಲ್ಲಿದ್ದರೆ ಇಡೀ ಪ್ರಯಾಣದಲ್ಲಿ ಬಳಸಬಹುದು ಎಂದದ್ದು 2014ರ ಏಪ್ರಿಲ್‌ನಲ್ಲಿ.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ನಿಮ್ಮ ಫೋನಿನ ಗ್ಯಾಲರಿ ತೆಗೆದರೆ ಹತ್ತು ವರ್ಷದ ವಿಡಿಯೊಗಳೆಲ್ಲ ಸಾಲಾಗಿ ಕಾಣುತ್ತವೆ. ಕಾಣುವುದೆಲ್ಲ ಫೋನಿನಲ್ಲಿ ಇದೆ ಎಂದುಕೊಂಡರೆ ಕೆಟ್ಟಿರಿ. ಒಂದು ಲೆಕ್ಕ ಕೇಳಿ. ಐಫೋನಿನಲ್ಲಿ 4ಕೆ ಗುಣಮಟ್ಟದ ವಿಡಿಯೊ ತೆಗೆದರೆ, ಸೆಕೆಂಡಿಗೆ 30 ಚೌಕಟ್ಟಿನ ಲೆಕ್ಕದಲ್ಲಿ, ಒಂದು ನಿಮಿಷಕ್ಕೆ ಸುಮಾರು 170 ಮೆಗಾಬೈಟ್ ಜಾಗ ಹೋಗುತ್ತದೆ. ಅಂದರೆ ಗಂಟೆಗೆ 10 ಗಿಗಾಬೈಟ್. 128 ಗಿಗಾಬೈಟ್‌ನ ಫೋನು ಎರಡು ಮದುವೆ, ಒಂದು ಉಪನಯನಕ್ಕೆ ಏದುಸಿರು ಬಿಡಲು ತೊಡಗುತ್ತದೆ. ಆಗ ಫೋನು ಜಾಗ ಖಾಲಿ ಮಾಡಲೇ ಎಂದು ಕೇಳುತ್ತದೆ, ನಾವು ಓದದೆ ಹೂಂ ಅನ್ನುತ್ತೇವೆ. ಅಷ್ಟಕ್ಕೆ ಅಸಲಿ ವಿಡಿಯೊಗಳು ಗೂಗಲ್‌ನದೋ ಆ್ಯಪಲ್‌ನದೋ ಸರ್ವರ್‌ಗಳಲ್ಲಿ ಮಾತ್ರ ಉಳಿಯುತ್ತವೆ. ನಿಮ್ಮ ಬಳಿ ಉಳಿಯುವುದು ಅಂಚೆಚೀಟಿಯಷ್ಟು ಚಿತ್ರ. ಮನೆಯಲ್ಲಿ ವೈಫೈ ಇರುವುದರಿಂದ ಒತ್ತಿದ ಕೂಡಲೇ ಅಸಲಿಯನ್ನು ಎಳೆದು ತಂದು ತೋರಿಸುತ್ತದೆ, ಹಾಗಾಗಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸಮುದ್ರದ ಮೇಲೆ. ಒತ್ತಿದಿರಿ, ನಡುವಲ್ಲೊಂದು ಚಕ್ರ ತಿರುಗಿತು, ಮತ್ತೆ ತಿರುಗಿತು, ಅಷ್ಟೆ.

ವಿಮಾನದಲ್ಲೇ ವೈಫೈ ಇದೆಯಲ್ಲ ಎನ್ನಬಹುದು. ಕೆಲವದರಲ್ಲಿದೆ. ಹಲವು ಕಡೆ ಸಂದೇಶ ಕಳಿಸುವಷ್ಟು ಬಿಟ್ಟಿ, ಅದರ ಮೇಲೆ ದುಡ್ಡು. ಮುನ್ನೂರು ಜನ ಹಂಚಿಕೊಳ್ಳುವ ಉಪಗ್ರಹದ ಸಂಪರ್ಕದಲ್ಲಿ 10 ಗಿಗಾಬೈಟ್‌ನ ಆರತಕ್ಷತೆಯನ್ನು ಎಳೆದು ತರುತ್ತೇನೆ ಎನ್ನುವುದು ನೆಚ್ಚುವ ಮಾತಲ್ಲ.

ಪರೀಕ್ಷೆ ಸುಲಭ, ಖರ್ಚಿಲ್ಲ. ಹೊರಡುವ ಹಿಂದಿನ ದಿನ ಮನೆಯಲ್ಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆರಿಸಿ, ನೋಡಬೇಕೆಂದಿರುವ ಒಂದೊಂದೇ ವಿಡಿಯೊ ಒತ್ತಿ. ಓಡಿದ್ದು ನಿಮ್ಮದು. ಓಡದಿದ್ದನ್ನು ವೈಫೈ ಹಾಕಿ ಫೋನಿಗೆ ಇಳಿಸಿಕೊಳ್ಳಿ. ಓಟಿಟಿಯಲ್ಲಿ ಇಳಿಸಿಕೊಂಡ ಸಿನಿಮಾಗಳಿಗೂ ಇದೇ ಪರೀಕ್ಷೆ ಬೇಕು. ಅವುಗಳಿಗೆ ಗಡುವಿರುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಚಿತ್ರಗಳು ಒಮ್ಮೆ ಶುರು ಮಾಡಿದ ಮೇಲೆ 48 ಗಂಟೆಗೆ ಮಾಯ. ಬಾಡಿಗೆ ಸರಕಿಗೂ ಸ್ವಂತ ಸರಕಿಗೂ ಇರುವ ಅಂತರ ಇದು. ನಿಮ್ಮ ಮಗನ ಉಪನಯನದ ವಿಡಿಯೊಗೆ ಯಾರೂ ಗಡುವು ಹಾಕಲಾರರು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊಗಳದ್ದು ಇನ್ನೊಂದು ಬಗೆ. ಅವು ಇಳಿದಿದ್ದರೆ ಫೋನಿನಲ್ಲೇ ಇರುತ್ತವೆ, ವಿಮಾನದಲ್ಲೂ ಓಡುತ್ತವೆ. ಆದರೆ ಕಳಿಸುವಾಗ ಅವನ್ನು ಹಿಂಡಿ ಚಿಕ್ಕದು ಮಾಡಿರುವುದರಿಂದ ಫೋನಿನಲ್ಲಿ ಪರವಾಗಿಲ್ಲ ಅನ್ನಿಸಿದ್ದು ಹತ್ತು ಇಂಚಿನ ಟ್ಯಾಬ್‌ನಲ್ಲಿ ಮಬ್ಬು. ಅತ್ತಿಗೆಯವರ ಮುಖ ಯಾವುದು, ನಾದಿನಿಯವರ ಮುಖ ಯಾವುದು ತಿಳಿಯದು. ಕಳಿಸುವವರಿಗೆ, ಡಾಕ್ಯುಮೆಂಟ್ ಆಗಿ ಕಳಿಸಪ್ಪಾ ಎಂದು ಹೇಳಿ. ಹಾಗೆ ಕಳಿಸಿದರೆ ಹಿಂಡದೆ ಅಸಲಿಯೇ ಬರುತ್ತದೆ, 2 ಗಿಗಾಬೈಟ್‌ವರೆಗೆ.

ಹಳೆಯ ಕ್ಯಾಸೆಟ್‌ಗಳ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ದೂರ ಪ್ರಯಾಣದಲ್ಲಿ ಅತಿ ಹೆಚ್ಚು ಹಿಡಿದು ಕೂರಿಸುವುದು ಮೊನ್ನೆಯ ಹುಟ್ಟುಹಬ್ಬವಲ್ಲ, ಮೂವತ್ತು ವರ್ಷದ ಹಿಂದಿನ ಮದುವೆ. ತೊಂಬತ್ತರ ದಶಕದ ಮದುವೆಗಳೆಲ್ಲ ವಿಎಚ್ಎಸ್ ಕ್ಯಾಸೆಟ್‌ನಲ್ಲಿವೆ. ಮಂಟಪದ ಮೇಲೆ ಕಣ್ಣು ಕುಕ್ಕುವ ಲೈಟು ಹಿಡಿದವನೊಬ್ಬ, ಹೆಗಲ ಮೇಲೆ ಕ್ಯಾಮೆರಾ ಹೊತ್ತವನೊಬ್ಬ, ಊಟದ ಪಂಕ್ತಿಯಲ್ಲಿ ಬಾಯಿಗೆ ತುತ್ತಿಟ್ಟವರನ್ನೇ ಹುಡುಕಿ ತೆಗೆಯುತ್ತಿದ್ದ ಕಾಲ ಅದು. ಹೃದಯದಾಕಾರದ ಚೌಕಟ್ಟಿನೊಳಗೆ ವಧೂವರರು ತಿರುಗುವ ಆ ಎಡಿಟಿಂಗನ್ನು ಇವತ್ತಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ನೋಡುತ್ತಾರೆ. ಆದರೆ ಅದರಲ್ಲಿರುವ ಅರ್ಧ ಜನ ಈಗಿಲ್ಲ. ಕ್ಯಾಸೆಟ್ ಓಡಿಸುವ ಯಂತ್ರವೂ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಕೈ ಚೆಲ್ಲಿತು. ಅಟ್ಟದ ಮೇಲಿನ ಕ್ಯಾಸೆಟ್‌ಗೆ ಬೂಸ್ಟು ಹಿಡಿಯುವ ಮೊದಲು ಊರಿನ ಹಳೆಯ ಫೋಟೊ ಸ್ಟುಡಿಯೊದಲ್ಲಿ ವಿಚಾರಿಸಿ. ಕ್ಯಾಸೆಟ್ಟನ್ನು ಡಿಜಿಟಲ್‌ಗೆ ಇಳಿಸಿಕೊಡುವವರು ಈಗಲೂ ಅಲ್ಲಲ್ಲಿ ಇದ್ದಾರೆ.

ಸ್ಟುಡಿಯೊದವರು ಡಿವಿಡಿ ಮಾಡಿಕೊಟ್ಟರೆ ಕೆಲಸ ಅರ್ಧ ಆದಂತೆ. ಡಿವಿಡಿಯ ಒಳಗೆ ವಿಡಿಯೊ ಒಂದೊಂದು ಗಿಗಾಬೈಟ್‌ನ ತುಂಡುಗಳಾಗಿ, ಎಂಪೆಗ್-2 ಎಂಬ ಹಳೆಯ ರೂಪದಲ್ಲಿ ಇರುತ್ತದೆ. ಫೋನಿನ ಮಾಮೂಲಿ ಪ್ಲೇಯರ್‌ಗೆ ಅದು ಜೀರ್ಣವಾಗುವುದು ಕಷ್ಟ. ವಿಎಲ್‌ಸಿ ಎಂಬ ಬಿಟ್ಟಿ ಆ್ಯಪ್ ತೆರೆಯುತ್ತದೆ. ಇನ್ನೂ ಒಳ್ಳೆಯದೆಂದರೆ ಕಂಪ್ಯೂಟರ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಬಿಟ್ಟಿ ತಂತ್ರಾಂಶದಿಂದ ಎಂಪಿ4 ಮಾಡಿಕೊಳ್ಳುವುದು. ಕಡತ ಚಿಕ್ಕದಾಗುತ್ತದೆ, ಎಲ್ಲ ಫೋನಿನಲ್ಲೂ ಓಡುತ್ತದೆ. ಮುಖಗಳು ಇದ್ದದ್ದಕ್ಕಿಂತ ಚೆನ್ನಾಗಿ ಕಾಣಲಿ ಎಂದು ಆಸೆಪಡಬೇಡಿ. ಕ್ಯಾಸೆಟ್‌ನಲ್ಲಿ ಇದ್ದಷ್ಟೇ ಬರುವುದು. ಪೆನ್ ಡ್ರೈವ್‌ನಲ್ಲಿ ಒಯ್ಯುವವರಿಗೆ ಒಂದು ಗುಂಡಿ ಕಾದಿದೆ. ಎಷ್ಟೋ ಪೆನ್ ಡ್ರೈವ್‌ಗಳು ಫ್ಯಾಟ್32 ಎಂಬ ಹಳೆಯ ವಿನ್ಯಾಸದಲ್ಲಿರುತ್ತವೆ, ಅದರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಒಂದೇ ಕಡತ ಕೂರುವುದಿಲ್ಲ. 64 ಗಿಗಾಬೈಟ್ ಖಾಲಿ ಇದ್ದರೂ ಕಡತ ಹಿಡಿಸದು ಅನ್ನುತ್ತದೆ. ಎಕ್ಸ್‌ಫ್ಯಾಟ್ ಎಂಬ ರೂಪಕ್ಕೆ ಫಾರ್ಮ್ಯಾಟ್ ಮಾಡಿದರೆ ಆ ತಕರಾರು ಹೋಗುತ್ತದೆ.

ಚಿತ್ರದ ಸಂಗತಿ ಆಯಿತು. ನನ್ನನ್ನು ಕೇಳಿದರೆ ವಿಮಾನದಲ್ಲಿ ಮನೆಯ ವಿಡಿಯೊಗಳನ್ನು ಕೊಲ್ಲುವುದು ಶಬ್ದ. ಹಾರುವಾಗ ಕ್ಯಾಬಿನ್ನಿನೊಳಗೆ ಸುಮಾರು 80ರಿಂದ 85 ಡೆಸಿಬೆಲ್ ಗುಂಯ್‌ಗುಡುವಿಕೆ ನಿಲ್ಲದೆ ಇರುತ್ತದೆ. ಸಿನಿಮಾದವರು ಮಾತು ಎದ್ದು ಕೇಳುವಂತೆ ಶಬ್ದ ಹದ ಮಾಡಿರುತ್ತಾರೆ. ನಮ್ಮ ವಿಡಿಯೊದಲ್ಲಿ ಅಜ್ಜಿ ಹಜಾರದ ಆ ತುದಿಯಲ್ಲಿ ಕೂತು ಹಾಡು ಹೇಳುತ್ತಿರುತ್ತಾರೆ, ಫೋನು ಈ ತುದಿಯಲ್ಲಿ, ನಡುವೆ ಫ್ಯಾನು, ಮಿಕ್ಸಿ, ಯಾರೋ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವ ದನಿ. ಮನೆಯಲ್ಲೇ ಕಿವಿಗೊಟ್ಟು ಕೇಳಬೇಕಾದ ಅಜ್ಜಿಯ ಹಾಡು ವಿಮಾನದಲ್ಲಿ ಕೇಳುವುದೇ ಇಲ್ಲ. ವಾಲ್ಯೂಮ್ ಏರಿಸಿದರೆ ಮಿಕ್ಸಿಯೂ ಏರುತ್ತದೆ.

ಇದಕ್ಕೆ ಮದ್ದು ಹುಟ್ಟಿದ್ದೂ ವಿಮಾನದಲ್ಲೇ. 1978ರಲ್ಲಿ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಮರಳುತ್ತಿದ್ದರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರ ಮಗ, ಎಂಐಟಿಯಲ್ಲಿ ಪ್ರಾಧ್ಯಾಪಕ, ಧ್ವನಿ ಉಪಕರಣಗಳ ಕಂಪನಿ ಕಟ್ಟಿದವರು. ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಸಂಗೀತವೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗಿಹೋಯಿತು. ಹೊರಗಿನ ಸದ್ದಿನ ಅಲೆಗೆ ಸರಿಯಾಗಿ ತಿರುಗುಮುರುಗಾದ ಅಲೆಯೊಂದನ್ನು ಕಿವಿಯ ಬಳಿಯೇ ಹುಟ್ಟಿಸಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಅದರ ಗಣಿತವನ್ನು ಅವರು ಆ ಪ್ರಯಾಣದಲ್ಲೇ ಹಾಕಿ ನೋಡಿದರು. ಪೈಲಟ್‌ಗಳಿಗೆ ಅಂಥ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ನಾಯ್ಸ್ ಕ್ಯಾನ್ಸಲಿಂಗ್ ಎಂದು ಇವತ್ತು ಎಲ್ಲ ಅಂಗಡಿಯಲ್ಲೂ ಸಿಗುವುದು ಅದೇ. ಎಂಜಿನ್ನಿನಂಥ ಒಂದೇ ಸಮನಾದ ತಗ್ಗು ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ, ಪಕ್ಕದ ಸೀಟಿನ ಮಗುವಿನ ಅಳುವನ್ನು ಅಷ್ಟಾಗಿ ಅಲ್ಲ. ದುಬಾರಿ ಎನಿಸಿದರೆ ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನೂ ಸಾಕಷ್ಟು ತಡೆಯುತ್ತದೆ. ಹಿರಿಯರಿಗಂತೂ ಇದು ಬೇಕೇ ಬೇಕು.

ಬ್ಯಾಟರಿಯ ವಿಚಾರದಲ್ಲಿ ಈಚೆಗೆ ಗಾಳಿ ಬದಲಾಗಿದೆ. ಮೊದಲೆಲ್ಲ ಪವರ್ ಬ್ಯಾಂಕ್ ಒಂದಿದ್ದರೆ ಆಯಿತು ಎನ್ನುತ್ತಿದ್ದೆವು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಒಳಗಿನಿಂದ ಹೊತ್ತಿಕೊಂಡಿತು. ಜನ ಬಚಾವಾದರು, ವಿಮಾನ ಉಳಿಯಲಿಲ್ಲ. ಮೇಲಿನ ಪೆಟ್ಟಿಗೆಯಲ್ಲಿದ್ದ ಪವರ್ ಬ್ಯಾಂಕ್‌ನಿಂದ ಬೆಂಕಿ ಹತ್ತಿರಬಹುದು ಎಂದು ತನಿಖೆ ಹೇಳಿತು. ಅದರ ಬಳಿಕ ಒಂದೊಂದೇ ಕಂಪನಿ ಬಿಗಿಮಾಡಿತು. ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ, ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸಿ ಚಾರ್ಜ್ ಮಾಡುವುದನ್ನೇ ನಿಲ್ಲಿಸಿವೆ. ಒಯ್ಯಬಹುದು, ಬಳಸಬಾರದು. ಒಯ್ಯಲಿಕ್ಕೂ ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಮಾರುಕಟ್ಟೆಯಲ್ಲಿ 20,000 ಎಂಎಎಚ್ ಎಂದು ಬರೆದದ್ದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ಹಾಗಾಗಿ ಚಿಂತೆಯಿಲ್ಲ. ಎಷ್ಟೇ ಚಿಕ್ಕದಾದರೂ ಅದು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸೀಟಿನ ಬಳಿಯ ಯುಎಸ್‌ಬಿ ಕಿಂಡಿಯನ್ನೂ ಪೂರ್ತಿ ನಂಬಬೇಡಿ. ಹಳೆಯ ವಿಮಾನಗಳಲ್ಲಿ ಅದರಿಂದ ಬರುವ ವಿದ್ಯುತ್ತು ಎಷ್ಟು ಸಣ್ಣದೆಂದರೆ ಟ್ಯಾಬ್ ನೋಡುತ್ತಾ ಚಾರ್ಜಿಗಿಟ್ಟರೆ ಬ್ಯಾಟರಿ ಏರುವ ಬದಲು ನಿಧಾನವಾಗಿ ಇಳಿಯುತ್ತಿರುತ್ತದೆ. ನೋಡದೆ ಇರುವಾಗ, ಊಟದ ಹೊತ್ತಿಗೆ, ಚಾರ್ಜಿಗೆ ಹಾಕಿ.

ನಿಯಮಗಳು ರಾತ್ರೋರಾತ್ರಿ ಬದಲಾಗುವ ಸಂಗತಿ ಕೊಲ್ಲಿಯ ಮೂಲಕ ಹೋಗುವ ನಮ್ಮವರಿಗೆ ಹೊಸದೇನಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರವು ದುಬೈ, ಅಬುಧಾಬಿ, ದೋಹಾ ಸೇರಿ ಎಂಟು ದೇಶಗಳ ಹತ್ತು ವಿಮಾನ ನಿಲ್ದಾಣಗಳಿಂದ ಬರುವವರು ಫೋನಿಗಿಂತ ದೊಡ್ಡ ಯಾವ ಉಪಕರಣವನ್ನೂ ಕೈಯಲ್ಲಿ ತರುವಂತಿಲ್ಲ ಎಂದಿತು. ಬೆಂಗಳೂರಿನಿಂದ ಟ್ಯಾಬ್ ತುಂಬಾ ಕಾರ್ಟೂನ್ ಇಳಿಸಿಕೊಂಡು ಮಕ್ಕಳ ಸಮೇತ ಹೊರಟವರು ಅದನ್ನು ಲಗೇಜಿಗೆ ಕೊಟ್ಟು ಹದಿನಾಲ್ಕು ಗಂಟೆ ಮಕ್ಕಳ ಮುಖ ನೋಡಬೇಕಾಯಿತು. ಎಮಿರೇಟ್ಸ್ ತನ್ನ ಮೇಲ್ದರ್ಜೆಯವರಿಗೆ ಟ್ಯಾಬ್ಲೆಟ್ ಕಡ ಕೊಟ್ಟಿತು, ಕತಾರ್ ಏರ್‌ವೇಸ್ ಲ್ಯಾಪ್‌ಟಾಪ್ ಕೊಟ್ಟಿತು. ಆದರೆ ಕಡದ ಟ್ಯಾಬ್‌ನಲ್ಲಿ ನಮ್ಮ ಮನೆಯ ವಿಡಿಯೊ ಎಲ್ಲಿಂದ ಬರಬೇಕು? ಜುಲೈ ಹೊತ್ತಿಗೆ ನಿಷೇಧ ಹೋಯಿತು. ಮುಖ್ಯವಾದ ನಾಲ್ಕಾರು ವಿಡಿಯೊಗಳನ್ನು ಟ್ಯಾಬ್ ಅಲ್ಲದೆ ಫೋನಿನಲ್ಲೂ ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಅದಕ್ಕಿಂತ ಬೇರೆ ಕಾರಣ ಬೇಡ.

ಏನು ನೋಡಬೇಕು ಎನ್ನುವುದು ಅವರವರ ಇಷ್ಟ. ಕರಾವಳಿಯ ಒಬ್ಬ ಹಿರಿಯರು ಊರಿನ ಬಯಲಾಟವನ್ನು ಚೌಕಿಪೂಜೆಯಿಂದ ಮಂಗಳದವರೆಗೆ ರೆಕಾರ್ಡ್ ಮಾಡಿಸಿ ಇಟ್ಟುಕೊಂಡಿದ್ದರು. ಈಗ ಊರಿನಲ್ಲೂ ಕಾಲಮಿತಿಯ ಆಟಗಳೇ ಹೆಚ್ಚು, ಬೆಳಗಾಗುವ ತನಕ ಕೂರುವವರು ವಿರಳ. ಫ್ರಾಂಕ್‌ಫರ್ಟ್‌ನಿಂದ ಆ ಕಡೆಯ ಹತ್ತು ಹನ್ನೊಂದು ಗಂಟೆಯ ಹಾರಾಟಕ್ಕೆ ಇಡೀ ರಾತ್ರಿಯ ಆಟ ಅಳತೆ ತೆಗೆದಂತೆ ಕೂರುತ್ತದೆ. ಹಾಸ್ಯಗಾರ ಬಂದಾಗ ಕಣ್ಣು ಬಿಟ್ಟು, ಪೀಠಿಕೆ ಲಂಬಿಸಿದಾಗ ತೂಕಡಿಸಿ, ಮಹಿಷಾಸುರನ ಅಬ್ಬರಕ್ಕೆ ಮತ್ತೆ ಎದ್ದು ಕೂರುವ ಬಯಲಾಟದ ಪದ್ಧತಿಯೂ ಅಲ್ಲಿ ಸಲೀಸು.

ನೋಡುತ್ತಾ ಕಣ್ಣು ತುಂಬಿಕೊಳ್ಳುವವರನ್ನು ವಿಮಾನದಲ್ಲಿ ಬಹಳ ಕಾಣುತ್ತೇವೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಬೋಯಿಂಗ್ 787ರೊಳಗಿನ ಒತ್ತಡ 6,000 ಅಡಿ ಎತ್ತರದ ಜಾಗದಲ್ಲಿರುವಷ್ಟು. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತಂತೆ. ಮುಳ್ಳಯ್ಯನಗಿರಿ ಹತ್ತಿದವರೆಲ್ಲ ಅಳುವುದನ್ನು ನಾನು ಕಂಡಿಲ್ಲ. ಮಗಳನ್ನು ಬಿಟ್ಟು ಬರುವಾಗ, ತಾಯಿಯನ್ನು ಬಿಟ್ಟು ಹೋಗುವಾಗ, ಕೈಯಲ್ಲಿ ಅವರದೇ ವಿಡಿಯೊ ಇದ್ದರೆ ಕಣ್ಣೀರಿಗೆ ಗಾಳಿಯ ಒತ್ತಡದ ನೆವ ಬೇಕಾಗಿಲ್ಲ.

ಮರ್ಯಾದೆಯ ಮಾತೂ ಎರಡಿದೆ. ಇಯರ್‌ಫೋನ್ ಇಲ್ಲದೆ ಸ್ಪೀಕರ್‌ನಲ್ಲಿ ಹಾಕುವ ನಮ್ಮ ಬಸ್ಸಿನ ಚಾಳಿಯನ್ನು ಬಸ್ಸಿನಲ್ಲೇ ಬಿಟ್ಟು ಬರಬೇಕು. ಆರತಿ ಹಾಡು ಎಷ್ಟೇ ಇಂಪಾಗಿದ್ದರೂ ಪಕ್ಕದವರಿಗೆ ಅದು ನಿದ್ದೆಗೇಡು. ಇನ್ನೊಂದು, ಹಿಂದಿನ ಸಾಲಿನವರಿಗೂ ನಿಮ್ಮ ಪರದೆ ಕಾಣುತ್ತದೆ. ಮಗುವಿಗೆ ಎಣ್ಣೆನೀರು ಹಾಕುವ ವಿಡಿಯೊ, ಆಸ್ಪತ್ರೆಯ ವಿಡಿಯೊ ಮನೆಗೆ ಹೋದ ಮೇಲೆ ನೋಡಿದರಾಯಿತು. ಖಾಸಗಿ ವಿಡಿಯೊಗಳ ಮಾತು ಬಂದದ್ದರಿಂದ, ಅಮೆರಿಕದ ಗಡಿ ಅಧಿಕಾರಿಗಳಿಗೆ ಬಂದಿಳಿದವರ ಫೋನು ತೆಗೆಸಿ ನೋಡುವ ಅಧಿಕಾರವಿದೆ ಎನ್ನುವುದೂ ನೆನಪಿರಲಿ.

ಅಪ್ಪ ಅಮ್ಮನನ್ನು ವಿಮಾನ ಹತ್ತಿಸುವ ಮಕ್ಕಳಲ್ಲಿ ಒಂದು ಕೋರಿಕೆ. ಗಾಲಿಕುರ್ಚಿ ಬುಕ್ ಮಾಡುತ್ತೀರಿ, ಸಸ್ಯಾಹಾರ ಬರೆಸುತ್ತೀರಿ, ಇಮಿಗ್ರೇಶನ್‌ನಲ್ಲಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸುತ್ತೀರಿ. ಅದರ ಜೊತೆ ಒಂದು ಸಂಜೆ ಕೂತು ಅವರ ಟ್ಯಾಬ್‌ಗೆ ಹತ್ತು ವಿಡಿಯೊ ಹಾಕಿಕೊಡಿ, ಕಡತಗಳಿಗೆ ಕನ್ನಡದಲ್ಲೇ ಹೆಸರಿಡಿ, ಅಕ್ಷರ ದೊಡ್ಡದು ಮಾಡಿ, ಅವರ ಕೈಯಿಂದಲೇ ಒತ್ತಿಸಿ ನೋಡಿ. ಹೋಗುವಾಗ ಮಾಡಿದ್ದನ್ನು ಬರುವಾಗ ಮರೆಯಬೇಡಿ. ತಿಂಗಳುಗಟ್ಟಲೆ ತೆಗೆದ ಮೊಮ್ಮಗುವಿನ ವಿಡಿಯೊಗಳೆಲ್ಲ ನಿಮ್ಮ ಫೋನಿನಲ್ಲೇ ಉಳಿದುಬಿಟ್ಟಿರುತ್ತವೆ. ವಾಪಸ್ ಟಿಕೆಟ್‌ನ ಪ್ರಿಂಟ್ ತೆಗೆಯುವ ದಿನವೇ ಅವನ್ನು ಅಜ್ಜಿಯ ಫೋನಿಗೂ ಹಾಕಿಕೊಡಿ.